ದಂಡ ಕಟ್ಟುವ ವ್ಯಾಯಾಮ

ಮೈ ಇಳಿಸಲು ಹೊರಟು ಮತ್ತೆ ಮತ್ತೆ ಕೈಬಿಟ್ಟವರು ನನ್ನ ಬಳಿ ಬಂದಾಗ ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: 'ನನಗೆ ಮನೋಬಲ ಇಲ್ಲ.' ಕೆದಕಿ ಕೇಳಿದರೆ ಬೇರೆಯೇ ಕಥೆ. ನಸುಕಿಗೆ ಎದ್ದು ಓಡಿರುತ್ತಾರೆ, ವಾರಗಟ್ಟಲೆ ಹೊಟ್ಟೆ ಕಟ್ಟಿರುತ್ತಾರೆ, ನೋವನ್ನು ಹಲ್ಲು ಕಚ್ಚಿ ತಡೆದುಕೊಂಡಿರುತ್ತಾರೆ. ಮನೋಬಲ ಇಲ್ಲದವರ ಕೈಲಿ ಆಗುವ ಕೆಲಸವೇ ಇದು? ಅಂಥವರಲ್ಲಿ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ಗಂಡಸು. ಓದುವ ಕಾಲದಲ್ಲಿ ಓಟಗಾರ. ಆಮೇಲೆ ಕೂತು ಮಾಡುವ ಕೆಲಸ, ಮಕ್ಕಳು, ನಿದ್ದೆಗೆಟ್ಟ ರಾತ್ರಿಗಳು, ವರ್ಷದಿಂದ ವರ್ಷಕ್ಕೆ ಏರಿದ ತೂಕ. ಬಿಪಿ ಗಡಿ ಮುಟ್ಟುತ್ತಿದೆ ಎಂದು ವೈದ್ಯರು ಎಚ್ಚರಿಸಿದ್ದರು. ಹಿನ್ನೆಲೆ ಇಷ್ಟು ಸಾಕು.

ಮೂರನೆಯ ಭೇಟಿಗೆ ಅವರು ಒಂದು ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಎಳೆದ ಗೆರೆಗಳು. ತೂಕ, ಓಡಿದ ದೂರ, ತಿಂದದ್ದು ಎಂದು ಮೂರು ಕಾಲಂ. 'ದಿನ 1'ರಿಂದ 'ದಿನ 11'ರವರೆಗೆ ಅಚ್ಚುಕಟ್ಟಾದ ಬರಹ. ಹನ್ನೊಂದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೀಟು. ಆಮೇಲೆ ನಾಲ್ಕೈದು ಖಾಲಿ ಹಾಳೆ. ಮತ್ತೆ 'ದಿನ 1'. ಈ ಸಲ ಕೆಂಪು ಗೀಟು ಒಂಬತ್ತಕ್ಕೆ. ಪುಸ್ತಕದುದ್ದಕ್ಕೂ ಹೀಗೆಯೇ.

'ಈ ಖಾಲಿ ಹಾಳೆಯ ದಿನಗಳಲ್ಲಿ ಏನೇನಾಯ್ತು?' ಎಂದೆ.

'ಕೆಟ್ಟೋಯ್ತಲ್ಲ ಮೇಡಂ, ಇನ್ನು ಬರೆಯೋಕೆ ಏನಿರುತ್ತೆ?'

ಕೆಟ್ಟದ್ದು ಹೇಗೆ ಎಂದು ಬಿಡಿಸಿ ಕೇಳಿದೆ. ಯಾರದೋ ಮನೆಯ ಸಮಾರಂಭದಲ್ಲಿ ಹೊಟ್ಟೆ ಬಿರಿಯ ಉಂಡಿದ್ದರು, ಸಿಹಿಯನ್ನು ಎರಡನೇ ಸಲ ಹಾಕಿಸಿಕೊಂಡಿದ್ದರು. ಅಷ್ಟೇ. ಮರುದಿನ ಬೆಳಗಿನದೂ ಬಿಟ್ಟು, ಮಧ್ಯಾಹ್ನದ್ದೂ ಬಿಟ್ಟು, ಸಂಜೆ ಎಂದಿನ ಎರಡರಷ್ಟು ದೂರ ಓಡಿದರು. ಮಂಡಿ ಊದಿಕೊಂಡಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತುಕೊಂಡೇ, ಕೈಗೆ ಸಿಕ್ಕಿದ್ದನ್ನೆಲ್ಲ ತಿಂದರು. ಮಾರನೇ ದಿನದಿಂದ ಪುಸ್ತಕ ಮುಟ್ಟಲಿಲ್ಲ.

'ಮಂಡಿ ನೋಯ್ತಿದ್ರೂ ಯಾಕೆ ಓಡಿದಿರಿ?'

ತಕ್ಷಣ ಉತ್ತರ ಬರಲಿಲ್ಲ. ನೋಟ್‌ಬುಕ್ಕಿನ ಮೂಲೆ ಮಡಿಚುತ್ತ ಬಿಡಿಸುತ್ತ ಕೂತರು. ಆಮೇಲೆ, 'ನಾನು ಓಡೋದು ಆರೋಗ್ಯಕ್ಕೆ ಅಲ್ಲ ಮೇಡಂ. ತಿಂದಿದ್ದಕ್ಕೆ ದಂಡ ಕಟ್ತೀನಿ. ಕಟ್ಟಿ ಮುಗಿಸೋವರೆಗೂ ಮನೇಲಿ ಯಾರ ಮುಖಾನೂ ನೋಡೋಕಾಗಲ್ಲ' ಎಂದರು.

ಹಲವರಲ್ಲಿ ನಾನು ಕಂಡಿದ್ದ ಸಂಗತಿಗೆ ಇವರು ಬಾಯಿ ಕೊಟ್ಟಿದ್ದರು. ವ್ಯಾಯಾಮ ದಂಡವಾದಾಗ ಊಟ ಅಪರಾಧವಾಗುತ್ತದೆ. ಅಪರಾಧಿ ಎಂದುಕೊಂಡವನು ತನ್ನ ಮೈಯ ಹಿತ ನೋಡುವುದಿಲ್ಲ, ಅದನ್ನು ದಂಡಿಸುತ್ತಾನೆ. ದಂಡಿಸಿಕೊಂಡ ಮೈ ಸುಮ್ಮನಿರುವುದೂ ಇಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದ್ದರು. ಗಟ್ಟಿಮುಟ್ಟಾಗಿದ್ದ ಆ ಹುಡುಗರು ಹಗಲಿರುಳು ಅನ್ನದ್ದೇ ಧ್ಯಾನ ಮಾಡಿದರು, ಮಂಕಾದರು, ರೇಗತೊಡಗಿದರು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲದಾಯಿತು. ಇದನ್ನು ಅವರಿಗೆ ವಿವರವಾಗಿ ಹೇಳಿದೆ. ಕತ್ತಲ ಅಡುಗೆಮನೆಯಲ್ಲಿ ನಡೆದದ್ದಕ್ಕೆ ನಡತೆಗೇಡಿತನ ಕಾರಣವಲ್ಲ, ಇಡೀ ದಿನದ ಹಸಿವು ಕಾರಣ ಎಂಬುದನ್ನು ಅವರು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಸಲಹೆ ಕೊಟ್ಟದ್ದು ಆ ದಿನವೇ. ಹೆಚ್ಚು ತಿಂದ ದಿನದ ಮರುದಿನ ಒಂದು ಹೊತ್ತೂ ಬಿಡಕೂಡದು. ಎಂದಿನ ಹೊತ್ತಿಗೆ, ಎಂದಿನಷ್ಟೇ ಊಟ. ಆ ದಿನ ಹೆಚ್ಚುವರಿ ವ್ಯಾಯಾಮವೂ ಬೇಡ, ತೂಕ ನೋಡುವುದೂ ಬೇಡ. ದೇಹದಲ್ಲಿ ನೀರಿನ ಅಂಶ ಏರಿಳಿದಂತೆ ತೂಕ ಒಂದೆರಡು ಕಿಲೋ ಆಚೀಚೆ ಆಗುತ್ತದೆ; ಉಪವಾಸದ ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ಬಹುಪಾಲು ನೀರೇ. ತಕ್ಕಡಿಯೇನಿದ್ದರೂ ವಾರಕ್ಕೊಮ್ಮೆ. ಓಟ ಸದ್ಯಕ್ಕೆ ನಿಲ್ಲಿಸಿ, ರಾತ್ರಿ ಊಟವಾದ ಮೇಲೆ 10 ನಿಮಿಷ ನಡಿಗೆ. ಮಂಡಿ ಒಪ್ಪಿದರೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವ, ಗೋಡೆಗೆ ಕೈ ಕೊಟ್ಟು ತಳ್ಳುವಂಥ ಸರಳ ಕಸರತ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಹೇಳುತ್ತದೆ, ನಿಜ. ಅದು ಮುಟ್ಟಬೇಕಾದ ಗುರಿ, ಮೊದಲ ವಾರದ ಹೊರೆಯಲ್ಲ.

ನೋಟ್‌ಬುಕ್ ಇರಲಿ ಎಂದೆ. ಆದರೆ ಕೆಂಪು ಗೀಟು ಎಳೆದರೂ ಮರುದಿನದ ಸಾಲು ತುಂಬಲೇಬೇಕು, ಮತ್ತೆ 'ದಿನ 1' ಎಂದು ಬರೆಯುವಂತಿಲ್ಲ. ಹನ್ನೊಂದು ಕೆಟ್ಟರೆ ಮುಂದಿನದು ಹನ್ನೆರಡು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು ಈ ಸಲಹೆಗೆ ಆಧಾರ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ 18ರಿಂದ 254 ದಿನ ಬೇಕಾಗಬಹುದೆಂದು ಅವರು ಅಂದಾಜು ಮಾಡಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಇವರನ್ನು ಕೆಡಿಸುತ್ತಿದ್ದದ್ದೂ ತಪ್ಪಿದ ಆ ದಿನವಲ್ಲ, ಅದರ ಬೆನ್ನಿಗೆ ಬರುತ್ತಿದ್ದ ಶಿಕ್ಷೆ.

ವಾರ ಕಳೆಯುವುದರೊಳಗೆ ಅವರ ಹೆಂಡತಿಯಿಂದ ಫೋನು. 'ಮೇಡಂ, ತಿಂದ್ರೆ ಪರವಾಗಿಲ್ಲ ಅಂದ್ರಂತೆ. ಹೀಗೆ ಸಲುಗೆ ಕೊಟ್ರೆ ಇವ್ರು ಯಾವತ್ತು ಇಳಿಯೋದು?' ಆ ಮಾತಿನ ಹಿಂದೆ ಗಂಡನ ಬಿಪಿಯ ಭಯವಿತ್ತು, ಅದು ನನಗೆ ಗೊತ್ತು. ಬೈದು, ಹಂಗಿಸಿ, ಹಳೇ ಫೋಟೋ ತೋರಿಸಿ ಸರಿದಾರಿಗೆ ತರಬಹುದೆಂಬ ನಂಬಿಕೆ ನಮ್ಮ ಕ್ಷೇತ್ರದವರಲ್ಲೂ ಕೆಲವರಿಗಿದೆ. ನಾನು ಒಪ್ಪುವುದಿಲ್ಲ. 2007ರಲ್ಲಿ ಪ್ರಕಟವಾದ ಆಡಮ್ಸ್ ಮತ್ತು ಲಿಯರಿ ಅವರ ಪ್ರಯೋಗದಲ್ಲಿ ಊಟದ ಪಥ್ಯ ಮಾಡುವ ಯುವತಿಯರಿಗೆ ಮೊದಲು ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ, ಇದು ಎಲ್ಲರೂ ತಿನ್ನುವಂಥದ್ದೇ, ನಿಮ್ಮ ಮೇಲೆ ನೀವೇ ಕಟುವಾಗಬೇಡಿ ಎಂಬರ್ಥದ ಮಾತು ಹೇಳಿದರು. ಆಮೇಲೆ ಎದುರಿಗಿಟ್ಟ ಸಿಹಿಯನ್ನು ಕಡಿಮೆ ತಿಂದವರು ಆ ಮಾತು ಕೇಳಿಸಿಕೊಂಡವರೇ. ನಾಚಿಕೆ ಒಂದು ದಿನ ಓಡಿಸೀತು, ಎರಡು ದಿನ ಓಡಿಸೀತು. ಮಳೆ ಬಂದ ದಿನ, ಜ್ವರ ಬಿಟ್ಟ ಮಾರನೇ ದಿನ ಚಪ್ಪಲಿ ಮೆಟ್ಟಿ ಹೊರಡಿಸುವ ಶಕ್ತಿ ಅದಕ್ಕಿಲ್ಲ. ಆಕೆಗೆ ಹೇಳಿದ್ದು ಇಷ್ಟೇ: ಊಟದ ಹೊತ್ತಿನಲ್ಲಿ ತೂಕದ ಮಾತು ಬೇಡ, ಸಾಧ್ಯವಾದರೆ ನಡಿಗೆಗೆ ನೀವೂ ಜೊತೆಯಾಗಿ. ಅವರು ಜೊತೆಯಾದರು, ಪೂರ್ತಿ ಒಪ್ಪಿಯೇನಲ್ಲ.

ಈಗ ಅವರ ನಡಿಗೆ ಅರ್ಧ ಗಂಟೆ ದಾಟಿದೆ. ಬಯಸಿದ ತೂಕಕ್ಕೆ ಇನ್ನೂ ದೂರವಿದ್ದಾರೆ. ತೂಕದ 5ರಿಂದ 10 ಶೇಕಡಾ ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸಬಹುದು ಎಂದು ವೈದ್ಯರೂ ನಾನೂ ಹೇಳುತ್ತಲೇ ಇದ್ದೇವೆ. ಅವರ ಮನಸ್ಸು ಇನ್ನೂ ಓಟಗಾರನ ಮೈಯನ್ನೇ ಕೇಳುತ್ತದೆ. ಆ ಮಾತುಕತೆ ನಡೆಯುತ್ತಿದೆ.

ಈ ಸಲಹೆ ಎಲ್ಲರಿಗೂ ಒಪ್ಪುವುದಿಲ್ಲ. ತಿಂದದ್ದನ್ನು ಬಲವಂತವಾಗಿ ವಾಂತಿ ಮಾಡುವವರು, ಭೇದಿಯ ಗುಳಿಗೆ ನುಂಗುವವರು, ತಡೆಯಲಾರದೆ ತಿನ್ನುವುದು ಮತ್ತೆ ಮತ್ತೆ ಆಗುತ್ತಿರುವವರು ಮನೋವೈದ್ಯರನ್ನೇ ಕಾಣಬೇಕು, ಆಹಾರತಜ್ಞರ ನೆರವೂ ಬೇಕು. ನಡೆಯುವಾಗ ಎದೆ ಬಿಗಿಯುವವರು, ತಲೆ ಸುತ್ತುವವರು ವ್ಯಾಯಾಮ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ಕೆಲವು ಔಷಧಿಗಳಿಂದಲೂ ತೂಕ ಏರುವುದುಂಟು.