ಹಿಮದ ಶಿಖರಕ್ಕೆ ನಾಯಿಗಳನ್ನು ಕರೆದೊಯ್ಯುವ ಬಗ್ಗೆ: ಸಿಂಧನೂರಿನ ಸಹೋದರರಿಗೆ ಉತ್ತರ

ನಮಸ್ಕಾರ. ಸಿಂಧನೂರಿನ ಸಹೋದರರು ನಿನ್ನೆ ರಾತ್ರಿ ನಮ್ಮ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಎರಡು ಸಲ ಓದಿ ಈ ಉತ್ತರ ಬರೆಯುತ್ತಿದ್ದೇನೆ. ಅವರ ಮನೆಯಲ್ಲಿ ಮೂರು ವರ್ಷದ ಹೆಣ್ಣು ಮುಧೋಳ ನಾಯಿಯೂ ಏಳು ವರ್ಷದ ಗಂಡು ಲ್ಯಾಬ್ರಡಾರ್ ನಾಯಿಯೂ ಇವೆ. ಡಿಸೆಂಬರ್ ಪೂರ್ತಿ ಆನೆಗೊಂದಿ, ಸಣಾಪುರದ ಕಡೆಯ ಗುಡ್ಡಗಳಲ್ಲಿ ಅಭ್ಯಾಸ ಮಾಡಿಸಿ, ಜನವರಿ ಕೊನೆಯ ವಾರ ಎರಡನ್ನೂ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಕರೆದೊಯ್ಯಬೇಕೆಂದಿದ್ದಾರೆ. ಅದಕ್ಕೆ ಏನೇನು ಸಾಮಾನು ಕೊಳ್ಳಬೇಕೆಂದು ಕೇಳಿದ್ದಾರೆ. ನಾನು ಗಂಗಾವತಿಯವನು. ಹನ್ನೆರಡು ವರ್ಷಗಳಿಂದ ನಮ್ಮ ಸುತ್ತಲಿನ ಗುಡ್ಡಗಳನ್ನು ನಾಯಿಯ ಜೊತೆಯಲ್ಲೇ ಹತ್ತಿದ್ದೇನೆ. ಹಿಮಾಲಯಕ್ಕೆ ಚಳಿಗಾಲದಲ್ಲಿ ಎರಡು ಸಲ ನಾಯಿಯಿಲ್ಲದೆ ಹೋಗಿ ಬಂದಿದ್ದೇನೆ.

ಸಾಮಾನಿನ ಮಾತಿಗೆ ಮೊದಲು ಜಾಗದ ಮಾತು. ಕೇದಾರಕಂಠವಿರುವುದು ಗೋವಿಂದ ಪಶು ವಿಹಾರ ಎಂಬ ವನ್ಯಜೀವಿ ಸಂರಕ್ಷಿತ ಪ್ರದೇಶದೊಳಗೆ. ಅಂಥ ಕಾಡಿಗೆ ಸಾಕುನಾಯಿಯನ್ನು ಒಯ್ಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಇದು ಕೇವಲ ಗೇಟಿನಲ್ಲಿ ತಡೆಯುತ್ತಾರೆಂಬ ಮಾತಲ್ಲ. ನಮ್ಮ ನಾಯಿಗಳ ಮೈಯಲ್ಲಿರಬಹುದಾದ ಡಿಸ್ಟೆಂಪರ್, ರೇಬೀಸ್‌ನಂಥ ರೋಗಗಳು ಕಾಡುಪ್ರಾಣಿಗಳಿಗೆ ತಗುಲುತ್ತವೆ. 2018ರಲ್ಲಿ ಗೀರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಹಲವಕ್ಕೆ ಈ ಡಿಸ್ಟೆಂಪರ್ ವೈರಸ್ ತಗುಲಿದ್ದು ಪತ್ತೆಯಾಗಿತ್ತು. ಹಿಮ ನೋಡಲೇಬೇಕೆಂದಿದ್ದರೆ ಸಂರಕ್ಷಿತ ಕಾಡಿನ ಹೊರಗಿನ, ರಸ್ತೆಗೆ ಹತ್ತಿರವಾದ ಹಳ್ಳಿಯೊಂದರಲ್ಲಿ ಉಳಿದು, ಹಗಲು ನಡೆದು ಸಂಜೆಯೊಳಗೆ ಬೆಚ್ಚನೆಯ ಕೋಣೆಗೆ ಮರಳುವಂಥ ಪ್ರವಾಸವನ್ನು ಯೋಜಿಸಿಕೊಳ್ಳಿ. ಡೇರೆಯಲ್ಲಿ ರಾತ್ರಿ ಕಳೆಯುವ ಶಿಖರಯಾತ್ರೆ ಈ ಎರಡು ನಾಯಿಗಳಿಗೆ ಬೇಡವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಏಕೆಂದರೆ ನಾಯಿ ತನಗೆ ಆಗುವುದಿಲ್ಲವೆಂದು ತಾನಾಗಿ ಹೇಳುವುದಿಲ್ಲ. ನೀವು ಮುಂದೆ ಹೋದಿರೆಂದರೆ ಅದು ಹಿಂದೆ ಬಂದೇ ಬರುತ್ತದೆ. ಕಾಲು ಹರಿದಿರಲಿ, ಮೈ ಸೆಟೆದಿರಲಿ, ಬಾಲ ಅಲ್ಲಾಡಿಸುತ್ತಲೇ ಬರುತ್ತದೆ. ನಾನು ಇದನ್ನು ಕಲಿತದ್ದು ಹಿಮದಲ್ಲಲ್ಲ, ಸಣಾಪುರದ ಹತ್ತಿರದ ಬಂಡೆಗುಡ್ಡದಲ್ಲಿ. ಐದು ವರ್ಷಗಳ ಹಿಂದೆ ಒಂದು ಜನವರಿಯ ಬೆಳಿಗ್ಗೆ ನಮ್ಮ ಕರಿಯ, ಇಪ್ಪತ್ತೆರಡು ಕಿಲೋ ತೂಗುವ ನಾಟಿ ನಾಯಿ, ನನ್ನ ಹಿಂದೆಯೇ ಒಂದು ಇಳಿಜಾರು ಬಂಡೆಯನ್ನು ಓಡುತ್ತಾ ಹತ್ತಿತು. ಹಿಂಗಾಲಿನ ಬಲದಿಂದ ಅದಕ್ಕೆ ಹತ್ತುವುದು ಸುಲಭವಾಯಿತು. ಇಳಿಯುವಾಗ ಮೈಭಾರವೆಲ್ಲ ಮುಂಗಾಲುಗಳ ಮೇಲೆ ಬಿದ್ದು, ಹಿಡಿತ ಸಿಗದೆ, ಬಂಡೆಯ ನಡುವೆ ಹೊಟ್ಟೆ ಊರಿ ಕುಳಿತುಬಿಟ್ಟಿತು. ಕರೆದರೆ ಒಂದು ಹೆಜ್ಜೆ ಮುಂದಿಡುವುದು, ಉಗುರು ಜಾರಿದ ಸದ್ದಿಗೆ ಹೆದರಿ ಹಿಂದೆಗೆಯುವುದು. ಕೊನೆಗೆ ಕುರಿ ಮೇಯಿಸುತ್ತಿದ್ದ ಇಬ್ಬರು ಅಣ್ಣಂದಿರು ತಮ್ಮ ಹೆಗಲ ಮೇಲಿನ ಕಂಬಳಿಯನ್ನು ತಂದರು. ಅದರ ನಡುವೆ ಕರಿಯನನ್ನು ಮಲಗಿಸಿ, ನಾಲ್ಕು ತುದಿಗಳನ್ನು ಮೂವರೂ ಹಿಡಿದು ಇಳಿಸುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಕೆಳಗೆ ಬಂದ ಮೇಲೆ ಪಾದ ಎತ್ತಿ ನೋಡಿದರೆ, ಮುಂಗಾಲಿನ ಮೆತ್ತೆಯ ಚರ್ಮ ನಾಣ್ಯದಗಲ ಸುಲಿದು ಗುಲಾಬಿ ಬಣ್ಣದ ಮಾಂಸ ಕಾಣುತ್ತಿತ್ತು. ಅದು ಬೆಳಿಗ್ಗೆಯಿಂದ ಒಂದು ಸಲವೂ ಕುಂಟಿರಲಿಲ್ಲ. ಅಂದಿನಿಂದ ನನ್ನ ಚೀಲದಲ್ಲಿ ಒಂದು ಕಂಬಳಿ ಇದ್ದೇ ಇರುತ್ತದೆ. ನಾಯಿ ಇಳಿಯಲಾರದೆಂದು ನನಗನಿಸಿದ ಬಂಡೆಯನ್ನು ಅದಕ್ಕೆ ಹತ್ತಲು ಬಿಡುವುದಿಲ್ಲ.

ಆದ್ದರಿಂದ ಡಿಸೆಂಬರಿನ ಅಭ್ಯಾಸವನ್ನು ಬರೀ ತಯಾರಿಯೆಂದು ತಿಳಿಯಬೇಡಿ. ನಮ್ಮ ಗುಡ್ಡಗಳಲ್ಲಿ ಚಳಿಗಾಲದ ತೊಂದರೆ ಚಳಿಯಲ್ಲ, ಬಿಸಿಲು. ನಸುಕಿನಲ್ಲಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿದ್ದದ್ದು ಮಧ್ಯಾಹ್ನಕ್ಕೆ ಮೂವತ್ತು ಮುಟ್ಟುತ್ತದೆ, ಬಂಡೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವುದೊಂದೇ ಅದಕ್ಕಿರುವ ಮುಖ್ಯ ದಾರಿ. ಅದರ ಸಹಜ ಮೈಶಾಖ 38ರಿಂದ 39.2 ಡಿಗ್ರಿ, 41 ದಾಟಿತೆಂದರೆ ಜೀವಕ್ಕೇ ಅಪಾಯ. ನಿಮ್ಮ ಲ್ಯಾಬ್ರಡಾರ್ ದಪ್ಪ ತುಪ್ಪಳದ್ದು, ವಯಸ್ಸೂ ಆಗಿದೆ. ಅದನ್ನು ಬೆಳಿಗ್ಗೆ ಸೂರ್ಯ ಮೂಡಿದ ಮೇಲೆ ಹೊರಡಿಸಿ, ಹತ್ತೂವರೆಯೊಳಗೆ ಬುಡಕ್ಕೆ ಇಳಿಸಿರಬೇಕು. ಹಿಂಗೈಯನ್ನು ಬಂಡೆಯ ಮೇಲೆ ಐದಾರು ಸೆಕೆಂಡು ಊರಿ ನೋಡಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಹೆಚ್ಚೇ. ಇಪ್ಪತ್ತೈದು ಕಿಲೋ ನಾಯಿಗೆ ಸುಮ್ಮನಿದ್ದರೂ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರು ಬೇಕು, ಹತ್ತುವಾಗ ಇನ್ನೂ ಹೆಚ್ಚು. ಅದಕ್ಕೆಂದೇ ಬೇರೆ ಬಾಟಲಿ ಇಟ್ಟುಕೊಳ್ಳಿ. ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡೆ ತಪ್ಪಿದರೆ ಅಲ್ಲೇ ನೆರಳಿಗೆ ಮಲಗಿಸಿ, ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಹಾಕಿ ಗಾಳಿ ಬೀಸುತ್ತಾ ಪಶುವೈದ್ಯರ ಬಳಿಗೆ ಒಯ್ಯಬೇಕು.

ಸೂರ್ಯ ಮೂಡುವ ಮುಂಚೆ ಹೊರಡಬೇಡಿ ಎಂದು ಹೇಳಲು ಕಾರಣವಿದೆ. ದರೋಜಿ ಕರಡಿಧಾಮ ದೂರವಿದ್ದರೂ ಕರಡಿಗಳು ಅದರ ಬೇಲಿಯೊಳಗಷ್ಟೇ ಇಲ್ಲ. ಕಲ್ಲುಗವಿಗಳಿರುವ ನಮ್ಮ ಗುಡ್ಡಗಳಲ್ಲೂ ಇವೆ. ಅವು ಸಂಜೆ ಹೊರಬಿದ್ದು ನಸುಕಿಗೆ ಮರಳುತ್ತವೆ. ಬಿಟ್ಟ ನಾಯಿ ಕರಡಿಯನ್ನು ಕಂಡರೆ ಬೊಗಳಿ ಕೆಣಕುತ್ತದೆ, ಅದು ತಿರುಗಿಬಿದ್ದೊಡನೆ ಓಡಿ ಯಜಮಾನನ ಬಳಿಗೇ ಬರುತ್ತದೆ, ಅದರ ಬೆನ್ನಿಗೆ ಕರಡಿಯೂ ಬರುತ್ತದೆ. ಚಿರತೆಗಂತೂ ನಾಯಿಯೇ ಆಹಾರ. ಹೀಗಾಗಿ ಹಗ್ಗ ಬಿಚ್ಚಬಾರದು. ಮುಧೋಳ ನಾಯಿಯ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲವೊಂದು ಎದ್ದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ, ಬಂಡೆಯ ಅಂಚು ಕಾಣುವಷ್ಟರಲ್ಲಿ ಅದು ಅಂಚನ್ನು ದಾಟಿರುತ್ತದೆ. ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ, ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಿ. ಬೆನ್ನ ಮೇಲೆ ಹಿಡಿಕೆ ಇರುವಂಥದ್ದಾದರೆ ಕಲ್ಲಿನಿಂದ ಕಲ್ಲಿಗೆ ಎತ್ತಿ ದಾಟಿಸಬಹುದು. ಹಗ್ಗವನ್ನು ನಿಮ್ಮ ಸೊಂಟಕ್ಕೆ ಎಂದಿಗೂ ಕಟ್ಟಿಕೊಳ್ಳಬೇಡಿ. ನಾಯಿ ಜಾರಿದರೆ ನೀವೂ ಹೋಗುತ್ತೀರಿ.

ಗುಡ್ಡ ಇಳಿದು ನಾಯಿ ನೀರಿಗೆ ಓಡುತ್ತದೆಯಲ್ಲ, ಅಲ್ಲೂ ಎಚ್ಚರವಿರಲಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಚಳಿಗಾಲದ ಬೆಳಿಗ್ಗೆ ಅವು ಬಿಸಿಲು ಕಾಯಲು ದಡದ ಬಂಡೆಗಳಿಗೇ ಬರುತ್ತವೆ. ನದಿಯ ಒಂದು ಭಾಗ 2015ರಿಂದ ನೀರುನಾಯಿಗಳ ಸಂರಕ್ಷಣಾ ಪ್ರದೇಶವೂ ಆಗಿದೆ. ನಾಯಿಗೆ ಬಾಟಲಿಯ ನೀರನ್ನೇ ಕುಡಿಸಿ. ಗುಡ್ಡದ ಬುಡದ ಹೊಲಗಳಲ್ಲಿ ಈಗ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ. ಕಾಡುಹಂದಿಗೆಂದು ಕೆಲವರು ಉರುಲು ಹಾಕಿರುತ್ತಾರೆ, ತಿಂಡಿಯೊಳಗೆ ಸಿಡಿಮದ್ದು ಇಟ್ಟಿರುವುದೂ ಉಂಟು. ನೆಲದ ಮೇಲಿನದನ್ನು ಬಾಯಿಗೆ ಹಾಕಿಕೊಳ್ಳದಂತೆ, ‘ಬಿಡು’ ಎಂದೊಡನೆ ಬಿಡುವಂತೆ ಮನೆಯಲ್ಲೇ ಮೊದಲು ಕಲಿಸಿ. ಬೂಟು, ಕೋಟು ಕೊಳ್ಳುವುದಕ್ಕಿಂತ ಈ ಒಂದು ಪಾಠ ದೊಡ್ಡದು. ಬಿಸಿಲೇರುವ ಹೊತ್ತಿಗೆ ಕಲ್ಲಿನ ಸಂದಿಗೆ ಮೂಗು ತೂರಿಸಲು ಬಿಡಬೇಡಿ, ಮೈಕಾಯಿಸಲು ಹೊರಬಂದ ಹಾವು ಅಲ್ಲಿರಬಹುದು. ಕಚ್ಚಿದ್ದೇ ಆದರೆ ಕೊಯ್ಯದೆ, ಕಟ್ಟದೆ, ನಡೆಸದೆ, ಕಂಬಳಿಯಲ್ಲಿ ಎತ್ತಿಕೊಂಡು ಬನ್ನಿ. ಪ್ರತಿವಿಷ ಕೊಡಬಲ್ಲ ಪಶುವೈದ್ಯರು ಹತ್ತಿರ ಎಲ್ಲಿದ್ದಾರೆಂಬುದನ್ನು ಹೊರಡುವ ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಗಳನ್ನೂ ಹುಲ್ಲಿನ ಮುಳ್ಳುಗಳನ್ನೂ ಬೆಳಕು ಹಿಡಿದು ಹುಡುಕಿ. ಚೂಪಾದ ಹುಲ್ಲಿನ ಬೀಜ ಬೆರಳ ಸಂದಿಯ ಚರ್ಮದೊಳಗೆ ಹೊಕ್ಕು ಕೀವಾದರೆ ತಿಂಗಳುಗಟ್ಟಲೆ ಕಾಡುತ್ತದೆ.

ಇನ್ನು ಹಿಮದ ಮಾತು. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಶಾಖ ಇಳಿಯುತ್ತದೆ. ನಮ್ಮ ಬಯಲು ನಾನೂರು, ಐನೂರು ಮೀಟರ್ ಎತ್ತರದಲ್ಲಿದ್ದರೆ ಕೇದಾರಕಂಠ ಸುಮಾರು 3,800 ಮೀಟರ್. ಎತ್ತರದ ಲೆಕ್ಕವೊಂದರಿಂದಲೇ ಇಪ್ಪತ್ತು ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ. ಅದರ ಮೇಲೆ ಉತ್ತರದ ಚಳಿಗಾಲ, ಅದರ ಮೇಲೆ ಗಾಳಿ. ಮುಧೋಳ ನಾಯಿಯ ಮೈಮೇಲೆ ಕೈಯಾಡಿಸಿ ನೋಡಿ: ಗಿಡ್ಡ ಕೂದಲು, ತೆಳು ಚರ್ಮ, ಅದರ ಕೆಳಗೆ ನೇರವಾಗಿ ಪಕ್ಕೆಲುಬು. ಅದು ಬಯಲಿನಲ್ಲಿ ಓಡಲೆಂದು ಬೆಳೆದ ಮೈ, ಶಾಖವನ್ನು ಹಿಡಿದಿಡುವ ಮೈಯಲ್ಲ. ಹಿಮಾಲಯದ ಕುರಿಗಾಹಿಗಳ ನಾಯಿಗಳನ್ನು ನೋಡಿದವರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಅವುಗಳಿಗೆ ಕಂಬಳಿಯಷ್ಟು ದಪ್ಪ ತುಪ್ಪಳವಿದೆ, ಚಿರತೆ ಕೊರಳು ಹಿಡಿಯದಂತೆ ಮುಳ್ಳಿನ ಕಬ್ಬಿಣದ ಪಟ್ಟಿಯನ್ನೂ ತೊಡಿಸಿರುತ್ತಾರೆ. ಹೊಸ ನಾಯಿ ತಮ್ಮ ಜಾಗಕ್ಕೆ ಬಂದರೆ ಅವು ಸುಮ್ಮನಿರುವುದಿಲ್ಲ ಎಂಬುದನ್ನೂ ನೆನಪಿಡಿ.

ಹಳ್ಳಿಯಲ್ಲುಳಿದು ಹಿಮದಲ್ಲಿ ನಡೆಯುವಷ್ಟಕ್ಕೇ ಹೋದರೂ ಇವಿಷ್ಟು ತಿಳಿದಿರಲಿ. ಪಾದದ ಬೆರಳ ನಡುವಿನ ಕೂದಲಿಗೆ ಹಿಮ ಅಂಟಿ ಗೋಲಿಯಂಥ ಮಂಜುಗಡ್ಡೆಗಳಾಗುತ್ತವೆ. ಲ್ಯಾಬ್ರಡಾರಿಗೆ ಇದು ಹೆಚ್ಚು. ಹೊರಡುವ ಮುನ್ನ ಆ ಕೂದಲನ್ನು ಕತ್ತರಿಸಿ, ನಡೆಯುವಾಗ ಅರ್ಧ ಗಂಟೆಗೊಮ್ಮೆ ನಾಲ್ಕೂ ಪಾದ ಎತ್ತಿ ನೋಡಿ. ಬೂಟು ತೊಡಿಸುವುದಿದ್ದರೆ ಒಂದು ತಿಂಗಳು ಮುಂಚೆಯೇ ಅಂಗಳದಲ್ಲಿ ರೂಢಿ ಮಾಡಿಸಿ. ನಾಯಿ ಬಾಯಾರಿ ಹಿಮ ತಿನ್ನತೊಡಗಿದರೆ ಒಳಗಿನ ಶಾಖ ಇಳಿಯುತ್ತದೆ, ಥರ್ಮಾಸ್‌ನಲ್ಲಿ ಉಗುರು ಬೆಚ್ಚಗಿನ ನೀರು ಒಯ್ಯಿರಿ. ಚಳಿಯಲ್ಲಿ ಮೈಶಾಖ ಕಾಯಲು ಆಹಾರ ಹೆಚ್ಚು ಬೇಕು. ರೊಟ್ಟಿಯ ಜೊತೆ ಮೊಟ್ಟೆ, ಮಾಂಸ ಸೇರಿಸಿ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ನೀವು ತಿನ್ನಲು ಒಯ್ಯುವ ಒಣದ್ರಾಕ್ಷಿ, ಚಾಕೊಲೇಟ್ ಎರಡೂ ನಾಯಿಗೆ ವಿಷ. ನಿಮ್ಮ ನೋವಿನ ಮಾತ್ರೆಗಳೂ ಹಾಗೆಯೇ. ಕಾಲುನೋವೆಂದು ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ.

ನಾಯಿ ನಡುಗತೊಡಗಿದರೆ, ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡತೊಡಗಿದರೆ, ಬೆನ್ನು ಬಾಗಿಸಿ ನಿಂತರೆ, ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು. ನಡುಕ ತಾನಾಗಿ ನಿಂತು ನಾಯಿ ಮಂಕಾದರೆ ಅದು ಸುಧಾರಿಸಿದ್ದಲ್ಲ, ಕೆಟ್ಟದ್ದು. ಮೈಶಾಖ 37 ಡಿಗ್ರಿಗಿಂತ ಕೆಳಗಿಳಿದಿರಬಹುದು. ಒದ್ದೆ ಮೈ ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಹೊಟ್ಟೆಯ ಬಳಿ ಇಡಬೇಕು. ಬೆಂಕಿಯ ಮುಂದೆ ಮಲಗಿಸಬಾರದು. ಕಿವಿಯ ತುದಿ, ಬಾಲದ ತುದಿ, ಬೆರಳುಗಳು ಬಿಳಿಚಿಕೊಂಡು ತಣ್ಣಗಾಗಿದ್ದರೆ ಉಜ್ಜಬಾರದು, ಉಜ್ಜಿದರೆ ಸತ್ತ ಚರ್ಮದ ಜೊತೆ ಬದುಕಿರುವುದೂ ಹರಿಯುತ್ತದೆ. ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ನಡೆಯುವವರ ಗುಂಪಿನಿಂದ ನಾಯಿಯನ್ನು ದೂರವಿಡಿ. ಪಾದದ ಮೇಲೆ ಒಂದು ಹೆಜ್ಜೆ ಬಿದ್ದರೂ ಸಾಕು, ಪಾದ ಸೀಳುತ್ತದೆ.

ಪ್ರಯಾಣದ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೈಲಿನಲ್ಲಿ ನಾಯಿಯನ್ನು ನಿಮ್ಮ ಜೊತೆಯಲ್ಲೇ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನೇ ಕಾಯ್ದಿರಿಸಬೇಕಾಗುತ್ತದೆ. ಇಲ್ಲವಾದರೆ ಗಾರ್ಡ್ ಇರುವ ಬೋಗಿಯ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಜನವರಿಯಲ್ಲಿ ಉತ್ತರದ ರೈಲುಗಳು ಮಂಜಿನಿಂದಾಗಿ ಗಂಟೆಗಟ್ಟಲೆ ತಡವಾಗುತ್ತವೆ. ಆ ಪೆಟ್ಟಿಗೆಯಲ್ಲಿ, ಆ ಚಳಿಯಲ್ಲಿ ಮುಧೋಳ ನಾಯಿಯನ್ನು ಎರಡು ರಾತ್ರಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ನನ್ನನ್ನೇ ಕೇಳಿದರೆ ಈ ವರ್ಷ ಸಂಡೂರಿನ ಕಡೆಗೆ ಬನ್ನಿ. ಅಲ್ಲಿನ ರಾಮನದುರ್ಗ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಬಳ್ಳಾರಿಯ ಬ್ರಿಟಿಷ್ ಸೈನಿಕರನ್ನು ಆರೈಕೆಗೆಂದು ಕಳಿಸುತ್ತಿದ್ದ ತಂಪು ಜಾಗ ಅದು. ಯಾವ ದಾರಿಗೆ ನಾಯಿಯನ್ನು ಬಿಡುತ್ತಾರೆಂದು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳೋಣ. ಅದಿರು ಲಾರಿಗಳು ಓಡಾಡುವ ರಸ್ತೆಗಳನ್ನೂ ನೀರು ನಿಂತ ಹಳೆಯ ಗಣಿಗುಂಡಿಗಳನ್ನೂ ಬಿಟ್ಟು ನಡೆಯೋಣ. ಅದಕ್ಕೂ ಮುಂಚೆ ಲ್ಯಾಬ್ರಡಾರಿನ ಸೊಂಟದ ಕೀಲು ಮತ್ತು ಹೃದಯವನ್ನು ಪಶುವೈದ್ಯರಿಗೆ ತೋರಿಸಿ, ಎರಡಕ್ಕೂ ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯ ದಿನಾಂಕವನ್ನು ನೋಡಿಸಿ. ಡಿಸೆಂಬರಿನ ಎರಡನೆಯ ಭಾನುವಾರ ಸಣಾಪುರದ ಕಡೆ ಬರುವುದಾದರೆ ಗುಂಪಿನಲ್ಲಿ ತಿಳಿಸಿ. ಬಂಡೆಗಳಿಲ್ಲದ ಕುರಿಹಾದಿಯೊಂದನ್ನು ತೋರಿಸುತ್ತೇನೆ. ಕಂಬಳಿ ನಾನು ತರುತ್ತೇನೆ, ನಾಯಿಗಳಿಗೆ ನೀರನ್ನು ನೀವು ತನ್ನಿ.