‘ನಿಕ್’ ಅಂದರೆ ಕದಿಯೋದಾ, ಬಂಧಿಸೋದಾ?

ಲಂಡನ್ನಿನ ಸಹೋದ್ಯೋಗಿ ‘ಸಮ್‌ವನ್ಸ್ ನಿಕ್ಡ್ ಮೈ ಚಾರ್ಜರ್’ ಅಂದದ್ದಕ್ಕೆ ಅರ್ಥ ಕೇಳಿದ್ದೀರಿ. ‘ಯಾರೋ ನನ್ನ ಚಾರ್ಜರ್ ಎಗರಿಸಿದ್ದಾರೆ’ ಅಂತ. ನಮ್ಮ ‘ಎಗರಿಸು’, ‘ಲಪಟಾಯಿಸು’ ಇದಕ್ಕೆ ಸರಿಯಾಗಿ ಕೂರುತ್ತವೆ; ‘ದರೋಡೆ’ ಕೂರಲ್ಲ. ಪೆನ್ನು, ಸೈಕಲ್ಲು, ಫ್ರಿಜ್‌ನಲ್ಲಿಟ್ಟ ಹಾಲು ಇಂಥವಕ್ಕೆ ಬಳಸುವ ಪದ ಅದು. ಚಾಕು ತೋರಿಸಿ ಕಿತ್ತುಕೊಂಡರೆ ಅದು ‘ಮಗ್ಗಿಂಗ್’.

ಎಡವೋದು ಕರ್ತೃ ಬದಲಾದಾಗ. ‘ಮೈ ಫೋನ್ ಗಾಟ್ ನಿಕ್ಡ್’ ಅಂದರೆ ಫೋನ್ ಕಳುವಾಯಿತು. ‘ಐ ಗಾಟ್ ನಿಕ್ಡ್’ ಅಂದರೆ ಪೊಲೀಸರು ನನ್ನನ್ನು ಹಿಡಿದರು! ಕಳಕೊಂಡವರೇ ಹೀಗೆ ಹೇಳಿದರೆ ಕೇಳಿದವರು ಗಾಬರಿಯಾಗೋದು ಖಂಡಿತ. ‘ದ ನಿಕ್’ ಅಂದರೆ ಠಾಣೆ ಅಥವಾ ಜೈಲು. ‘ಇನ್ ಗುಡ್ ನಿಕ್’ ಅಂದರೆ ಮಾತ್ರ ಒಳ್ಳೇ ಸ್ಥಿತಿಯಲ್ಲಿದೆ ಅಂತ, ಹಳೇ ಕಾರು ಮಾರುವವರ ಮಾತು. ಕ್ರಿಕೆಟ್ಟಿನ ನಿಕ್, ಬ್ಯಾಟಿನ ಅಂಚಿಗೆ ತಾಗಿದ್ದು, ನಿಮಗೆ ಗೊತ್ತೇ ಇದೆ.

‘ಪಿಂಚ್’ ಅಂದರೂ ಕದಿಯೋದು ಅಂತಲೇ. ಅದಕ್ಕೆ ಪ್ರಾಸವಾಗಿ ಕಾಕ್ನಿಯಲ್ಲಿ, ಅಂದರೆ ಪೂರ್ವ ಲಂಡನ್ನಿನ ಆಡುಮಾತಿನಲ್ಲಿ, ‘ಹಾಫ್ ಇಂಚ್’ ಅಂತಾರೆ, ಅಳತೆ ಅಂದ್ಕೋಬೇಡಿ. ಅಮೆರಿಕನ್ನರ ಹತ್ತಿರ ‘ಸ್ಟೋಲ್’ ಅಂದುಬಿಡಿ. ಪೊಲೀಸ್ ದೂರಿನಲ್ಲೂ ಅಷ್ಟೇ, ‘ಸ್ಟೋಲನ್’ ಅಂತಲೇ ಬರೆಯಿರಿ.