ತೋಳು ಯಾವಾಗ ಮಡಚಲಿ?

ಬಿಳಿ ಮಚ್ಚೆಯ ಪ್ರಕರಣಗಳು ಸಲಹೆ ಕೇಳಿ ನನ್ನಲ್ಲಿಗೆ ಹೆಚ್ಚಾಗಿ ಬರುವುದು ಮದುವೆ ಮಾತುಕತೆ ಶುರುವಾದ ಮೇಲೆಯೇ. ಅಲ್ಲಿಯವರೆಗೆ ಪಥ್ಯ, ಹರಕೆ, ಯಾರೋ ಕೊಟ್ಟ ಬಾವಂಚಿ ಎಣ್ಣೆ. ಈ ತಾಯಿ-ಮಗಳೂ ಹಾಗೇ ಬಂದವರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಮಗಳಿಗೆ ಹಣೆಯಲ್ಲಿ ಟಿಕ್ಲಿ ಅಂಟಿಸುವ ಜಾಗದಲ್ಲೊಂದು ಮಚ್ಚೆ, ಎರಡೂ ಮೊಣಕೈಯಲ್ಲಿ ಒಂದೊಂದು. ಎಣ್ಣೆ ಹಚ್ಚಿ ಬಿಸಿಲಿಗೆ ನಿಂತು ಒಂದು ಮೊಣಕೈ ಬೊಬ್ಬೆ ಎದ್ದಿತ್ತು.

ತಾಯಿ ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ. "ಹುಡುಗನ ಕಡೆಯವರು ಒಪ್ಪಿದ್ದಾರೆ ಮೇಡಂ. ಮದುವೆ ಆಗೋವರೆಗೆ ಉದ್ದ ತೋಳಿನ ರವಿಕೆ ಹಾಕ್ಕೋ, ದೊಡ್ಡ ಟಿಕ್ಲಿ ಇಟ್ಕೋ ಅಂತ ನೀವೇ ಹೇಳಿ."

ಅಷ್ಟು ಹೊತ್ತು ದುಪಟ್ಟಾದ ದಾರ ಕೀಳುತ್ತಿದ್ದ ಮಗಳು ತಲೆ ಎತ್ತಿದಳು. "ಆಯ್ತಮ್ಮ. ಮದುವೆಯಾಗಿ ಎಷ್ಟನೇ ದಿನ ತೋಳು ಮಡಚಲಿ? ಅದನ್ನೂ ಹೇಳಿಬಿಡು."

"ಅಷ್ಟರಲ್ಲಿ ವಾಸಿ ಆಗಿರುತ್ತೆ ಬಿಡೇ."

"ಆಗದಿದ್ರೆ?"

"ನಿನ್ನ ತಂಗಿಗೂ ಗಂಡು ನೋಡ್ಬೇಕಲ್ಲೇ..." ಎನ್ನುತ್ತಾ ತಾಯಿ ಅತ್ತೇಬಿಟ್ಟರು. ಅವರ ನಿಜವಾದ ಭಯ ಹೊರಬಿದ್ದದ್ದು ಆಗ.

ಮೊದಲು ಚರ್ಮವೈದ್ಯರಲ್ಲಿಗೆ ಕಳಿಸಿದೆ. ಬಿಳಿಯಾದದ್ದೆಲ್ಲ ತೊನ್ನಲ್ಲ. ಚಿಬ್ಬು ಶಿಲೀಂಧ್ರದಿಂದ ಬರುತ್ತದೆ; ಮಕ್ಕಳ ಕೆನ್ನೆಯ ಮಾಸಲು ಕಲೆಗೆ ಹೆಚ್ಚಾಗಿ ಒಣಚರ್ಮ ಕಾರಣ, ಹೊಟ್ಟೆಹುಳುವಲ್ಲ; ಮುಟ್ಟಿದರೆ ಸ್ಪರ್ಶ ತಿಳಿಯದ ಮಚ್ಚೆಯಾದರೆ ಕುಷ್ಠದ ಪರೀಕ್ಷೆ ತಡಮಾಡಬಾರದು, ಅದೂ ಔಷಧದಿಂದ ಗುಣವಾಗುತ್ತದೆ. ಇವಳದು ತೊನ್ನೇ. ದೇಹದ ರಕ್ಷಣಾ ವ್ಯವಸ್ಥೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆಯೇ ತಿರುಗಿಬೀಳುವ ತೊಂದರೆ. ಅಂಟುವುದಿಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಅಲ್ಲ. ವಂಶದ ಪಾತ್ರ ಸ್ವಲ್ಪ ಇದ್ದರೂ ತೊನ್ನಿರುವ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ತಂಗಿಯ ಚಿಂತೆಗೆ ಇಷ್ಟು ಹೇಳಿದೆ. ಕೆಲವು ಟಿಕ್ಲಿಗಳ ಅಂಟಿನಲ್ಲಿರುವ ರಾಸಾಯನಿಕವೂ ಬಣ್ಣ ಕಳೆಯುತ್ತದೆ. ಅಮ್ಮ ಹೇಳಿದ ದೊಡ್ಡ ಟಿಕ್ಲಿ ಮಚ್ಚೆಯನ್ನು ಹಿಗ್ಗಿಸುವ ಉಪಾಯವಾಗುತ್ತಿತ್ತು! ವೈದ್ಯರು ಟಿಕ್ಲಿ ಅಂಟಿಸುವುದನ್ನು ಬಿಡಿಸಿದರು, ಮುಲಾಮು ಕೊಟ್ಟರು, ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಯಂತ್ರದಲ್ಲಿ ಅಳತೆಯಿಟ್ಟು ಕೊಡುವ ನೇರಳಾತೀತ ಬೆಳಕಿನ ಚಿಕಿತ್ಸೆ ಶುರುಮಾಡಿದರು. ತಿಂಗಳುಗಟ್ಟಲೆ ಬೇಕು.

ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ನೀನೇ ಹೇಳು ಎಂದೆ. ಸಂಬಂಧ ಮುರಿಯುವ ಸಲಹೆ ಇದು ಎಂದು ಪರಿಚಿತರೊಬ್ಬರು ಆಕ್ಷೇಪಿಸಿದರು. ಮಚ್ಚೆ ಕಂಡರೆ ಮುರಿಯುವ ಸಂಬಂಧ ಈಗ ಒಂದು ಫೋನಿನಲ್ಲಿ ಮುಗಿಯುತ್ತದೆ. ಮದುವೆಯ ನಂತರವಾದರೆ ಮಚ್ಚೆಯ ಜೊತೆ "ಮೋಸ ಮಾಡಿದಳು" ಎಂಬ ಮಾತನ್ನೂ ಅವಳೇ ಹೊರಬೇಕು.

ಹೇಳಿದಳು. ಆ ಸಂಬಂಧ ತಪ್ಪಿತು. ಹಣೆಯಲ್ಲಿ ಬಣ್ಣ ಮರಳುತ್ತಿದೆ, ಮೊಣಕೈ ಇನ್ನೂ ಹಾಗೇ. ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಮಗಳು ಬರುತ್ತಿದ್ದಾಳೆ.